ಕಂಡಕ್ಟರು ಕೂತ ಭಾನುವಾರ

ನನ್ನ ಜೆರಾಕ್ಸ್ ಅಂಗಡಿಯಲ್ಲಿ ಗಿರಾಕಿಗಳಿಗೆಂದು ಒಂದು ಸ್ಟೂಲು ಇಟ್ಟಿದ್ದೇನೆ. ಮೊನ್ನೆ ಮೊನ್ನೆಯವರೆಗೂ ಅದರ ಮೇಲೆ ಒಮ್ಮೆಯೂ ಕೂರದ ಗಿರಾಕಿ ಎಂದರೆ ಕಂಡಕ್ಟರು ಒಬ್ಬರೇ. ನಿವೃತ್ತರಾಗಿ ಆರು ವರ್ಷವಾದರೂ ಊರಿಗೆಲ್ಲ ಅವರು ಇನ್ನೂ ಕಂಡಕ್ಟರೇ. ಕೌಂಟರಿಗೆ ಸೊಂಟ ಆನಿಸಿ, ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಇಟ್ಟು, ನನ್ನ ಅಂಗಡಿ ಯಾವ ಗಳಿಗೆಯಲ್ಲಾದರೂ ಬ್ರೇಕ್ ಹಾಕೀತು ಎನ್ನುವಂತೆ ನಿಲ್ಲುತ್ತಾರೆ. ನಿಂತಲ್ಲೂ ಸುಮ್ಮನಿರುವ ಪೈಕಿಯಲ್ಲ. ನನ್ನ ಪೆನ್ನುಗಳನ್ನು ಉದ್ದದ ಪ್ರಕಾರ ಜೋಡಿಸುತ್ತಾರೆ, ಸ್ಟೇಪ್ಲರಿಗೆ ಪಿನ್ನು ತುಂಬುತ್ತಾರೆ, ಕ್ಯಾಲೆಂಡರು ಎಡಕ್ಕೆ ವಾಲಿದೆ ಎಂದು ಬಲಕ್ಕೆ ವಾಲಿಸುತ್ತಾರೆ. "ಕೂತ್ಕೊಳಿ ಕಂಡಕ್ಟ್ರೇ" ಎಂದರೆ, "ಕೂತ್ರೆ ಮೈ ಜಡ ಹಿಡಿಯುತ್ತೆ ಜೆರಾಕ್ಸಮ್ಮ" ಎನ್ನುತ್ತಾರೆ. ಇಂಥವರನ್ನು ನೋಡುತ್ತಾ ಕೂರುವವರಿಗೆ ಎಷ್ಟು ಸುಸ್ತಾಗುತ್ತದೆ ಎನ್ನುವುದು ಅವರಿಗೆ ಗೊತ್ತಿಲ್ಲ.

ಈ ಆರು ವರ್ಷ ಅವರನ್ನು ಓಡಾಡಿಸಿದ್ದು ನಮ್ಮೂರಿನ ಸೇವಾ ಕ್ಲಬ್ಬು. ದೊಡ್ಡದೇನಲ್ಲ. ಮುಚ್ಚಿಹೋದ ಐಸ್ ಫ್ಯಾಕ್ಟರಿಯ ಹಿಂದೆ ಒಂದು ಉದ್ದನೆಯ ಕೋಣೆ. ಅದರಲ್ಲಿ ಹನ್ನೊಂದು ಗಾಲಿಕುರ್ಚಿ, ಇಪ್ಪತ್ತು ಚಿಲ್ಲರೆ ವಾಕರು, ಒಂದು ಮೂಲೆಯ ತುಂಬ ಊರುಗೋಲು, ತಲೆಯ ಕಡೆ ಮೇಲೆತ್ತಬಹುದಾದ ಏಳು ಮಂಚ. ಯಾರ ಮನೆಯಲ್ಲಿ ಯಾರು ಜಾರಿ ಬಿದ್ದರೂ ಬಂದು ಒಯ್ಯಬಹುದು, ವಾಸಿಯಾದ ಮೇಲೆ ತಂದಿಟ್ಟರಾಯಿತು. ಕಂಡಕ್ಟರ ತಾಯಿ ಸೊಂಟದ ಮೂಳೆ ಮುರಿದುಕೊಂಡಾಗ ಇಲ್ಲಿಂದಲೇ ನಾಲ್ಕನೇ ನಂಬರಿನ ಕುರ್ಚಿ ಹೋಗಿತ್ತು. ಹದಿನಾಲ್ಕು ತಿಂಗಳು ಆ ತಾಯಿ ಅದರಲ್ಲೇ ಕೂತು ತೀರಿಕೊಂಡರು. ಅದೇ ವರ್ಷ ಮಗನ ನಿವೃತ್ತಿಯೂ ಆಯಿತು. ಕುರ್ಚಿಯನ್ನು ಒರೆಸಿ, ಎಣ್ಣೆ ಬಿಟ್ಟು ವಾಪಸ್ ತಂದವರು "ಇನ್ನೇನಾದ್ರೂ ರಿಪೇರಿ ಇದೆಯಾ?" ಎಂದು ಕೇಳಿದರಂತೆ. ಅವತ್ತು ಹಿಡಿದ ಸ್ಪ್ಯಾನರನ್ನು ಅವರು ಕೆಳಗಿಡಲೇ ಇಲ್ಲ.

ಆದರೆ ಮೆಂಬರುಗಳು ಒಬ್ಬೊಬ್ಬರಾಗಿ ಕರಗಿದರು. ಕೆಲವರು ತೀರಿಕೊಂಡರು, ಕೆಲವರು ಊರು ಬಿಟ್ಟರು, ಇಬ್ಬರು ವೇದಿಕೆಯ ಮೇಲೆ ಯಾರು ನಡುವೆ ಕೂರಬೇಕೆಂದು ಜಗಳವಾಡಿ ಕ್ಲಬ್ಬನ್ನೇ ಬಿಟ್ಟರು. ಎಂಟು ಜನ ಉಳಿದಾಗ ಮೇಲಿನ ಕಚೇರಿಯಿಂದ ಕಾಗದ ಬಂತು. ಅದರ ಪ್ರತಿ ತೆಗೆದುಕೊಟ್ಟವಳು ನಾನೇ, ಹಾಗಾಗಿ ಓದಿದ್ದೇನೆ. ಮೂರು ತಿಂಗಳೊಳಗೆ ಕೆಲಸ ಮಾಡುವ ಇಪ್ಪತ್ತು ಸದಸ್ಯರು ಇರಬೇಕು, ಕೊನೆಯ ಭಾನುವಾರ ನಮ್ಮವರು ಬಂದು ಖುದ್ದಾಗಿ ತಲೆ ಎಣಿಸುತ್ತಾರೆ, ಒಬ್ಬರು ಕಡಿಮೆಯಾದರೂ ಕ್ಲಬ್ಬು ಮುಚ್ಚಿ ಸಾಮಾನನ್ನೆಲ್ಲ ನಲವತ್ತು ಕಿಲೋಮೀಟರ್ ಆಚೆಯ ದೊಡ್ಡ ಕ್ಲಬ್ಬಿಗೆ ಸಾಗಿಸಲಾಗುವುದು ಎಂದಿತ್ತು.

"ನಲವತ್ತು ಕಿಲೋಮೀಟರ್!" ಕಂಡಕ್ಟರು ಅಂಗಡಿಯ ಮುಂದಿನ ಮೆಟ್ಟಿಲನ್ನು ಹತ್ತಿ ಇಳಿದು ಮತ್ತೆ ಹತ್ತಿದರು. "ಕಾಲು ಮುರ್ಕೊಂಡೋರು ವಾಕರ್ ತರೋಕೆ ಅಲ್ಲಿವರೆಗೂ ಕುಂಟ್ಕೊಂಡು ಹೋಗ್ಬೇಕಾ? ಇವರಿಗೆ ಬುದ್ಧಿ ನೆಟ್ಟಗಿದೆಯಾ?"

ಕ್ಲಬ್ಬಿನ ಅಧ್ಯಕ್ಷರು ಹಲ್ಲಿನ ಡಾಕ್ಟರು. ಅವರಿಗೆ ಜನರ ಬಾಯಿ ತೆರೆಸಿ ಗೊತ್ತೇ ಹೊರತು ಜನ ಸೇರಿಸಿ ಗೊತ್ತಿಲ್ಲ. "ಮೆಂಬರ್ ಸೇರ್ಸೋದು ನಿಮ್ಮ ಜವಾಬ್ದಾರಿ ಕಂಡಕ್ಟ್ರೇ. ಬಸ್ ತುಂಬ್ಸಿ ಅಭ್ಯಾಸ ಇದೆಯಲ್ಲ" ಎಂದು ಕೈ ತೊಳೆದುಕೊಂಡರು.

ತಗೊಳ್ಳಿ, ಶುರುವಾಯಿತು. ಕಂಡಕ್ಟರು ದಿನಕ್ಕೆ ಮೂರು ಸಲ ಬಂದು ಮೆಂಬರ್ ಫಾರಂ ಜೆರಾಕ್ಸ್ ಮಾಡಿಸುತ್ತಿದ್ದರು. ಅವರಿಗೆ ಊರಿನವರ ಹೆಸರು ಗೊತ್ತಿಲ್ಲ, ಸ್ಟಾಪು ಗೊತ್ತು. ಯಾರನ್ನು ಕಂಡರೂ "ನೀವು ನೀರಿನ ಟ್ಯಾಂಕ್ ಹತ್ರ ಹತ್ತುತ್ತಿದ್ರಿ, ಬೆಳಿಗ್ಗೆ ಎಂಟೂ ಹತ್ತಕ್ಕೆ, ಯಾವಾಗ್ಲೂ ಬಲಗಡೆ ಕಿಟಕಿ, ಅಲ್ವಾ?" ಎನ್ನುವರು. ಇಪ್ಪತ್ತು ವರ್ಷದ ಹಿಂದೆ ತಾವು ಎಲ್ಲಿ ಕೂರುತ್ತಿದ್ದೆವು ಎಂದು ಇನ್ನೊಬ್ಬರು ನೆನಪಿಟ್ಟಿದ್ದರೆ ಯಾರ ಮನಸ್ಸು ತಾನೇ ಕರಗುವುದಿಲ್ಲ? ಗಣಿತದ ಮೇಷ್ಟ್ರು ಸಹಿ ಹಾಕಿದರು, ಟೆಂಪೋ ಓಡಿಸುವವನು ಹಾಕಿದ, ದರ್ಜಿಯ ಹೆಂಡತಿ ಹಾಕಿದಳು. ನಾನೂ ಹಾಕಿದೆ. ಒಂದೂವರೆ ತಿಂಗಳಲ್ಲಿ ನಲವತ್ತೊಂದು ಫಾರಂ ತುಂಬಿದವು. ಪ್ರತಿಯೊಂದರಲ್ಲೂ "ಸೂಚಿಸಿದವರು" ಎಂಬಲ್ಲಿ ಅವರದೇ ಗೀಚು ಸಹಿ.

ಮೊದಲ ಭಾನುವಾರ ಬೆಳಿಗ್ಗೆ ಇಪ್ಪತ್ತೇಳು ಜನ ಸೇರಿದೆವು. ನಾನು ಅಂಗಡಿಯ ಸ್ಕ್ರೂಡ್ರೈವರನ್ನು ಬ್ಯಾಗಿಗೆ ಹಾಕಿಕೊಂಡೇ ಹೋಗಿದ್ದೆ. ನಾಲ್ಕನೇ ನಂಬರಿನ ಕುರ್ಚಿಯ ಮುಂದಿನ ಚಿಕ್ಕ ಚಕ್ರ ಸಿಕ್ಕಿಹಾಕಿಕೊಂಡಿತ್ತು. ನೋಡಿದರೆ ಅಚ್ಚಿಗೆ ಕೂದಲು, ದಾರ ಸುತ್ತಿಕೊಂಡಿವೆ. ನನ್ನ ಮೆಷಿನ್ನಿನ ರೋಲರಿಗೆ ಕಾಗದದ ಚೂರು ಸಿಕ್ಕುವ ಹಾಗೆಯೇ. ನನಗೆ ಇದು ಎಡಗೈಯ ಕೆಲಸ ಎಂದು ನೆಲದ ಮೇಲೆ ಕೂತೆ.

"ಅಯ್ಯೋ, ನೀವ್ಯಾಕಮ್ಮ!" ಕಂಡಕ್ಟರು ಓಡಿ ಬಂದರು. "ಬಟ್ಟೆ ಗ್ರೀಸಾಗುತ್ತೆ. ಏಳಿ, ಅಲ್ಲಿ ಕುರ್ಚಿ ಇದೆ, ಕೂತ್ಕೊಳಿ. ನಾನಿದ್ದೀನಲ್ಲ!"

ಸ್ಕ್ರೂಡ್ರೈವರು ನನ್ನ ಕೈಯಿಂದ ಅವರ ಕೈಗೆ ಹೋಯಿತು. ಮೇಷ್ಟ್ರು ಸಾಮಾನು ಕೊಟ್ಟು ತಗೊಂಡ ಲೆಕ್ಕದ ರಿಜಿಸ್ಟರನ್ನು ಹೊಸದಾಗಿ ಬರೆಯೋಣ ಎಂದು ಪೆನ್ನು ತೆಗೆದರು. ಆ ಪೆನ್ನೂ ಹೋಯಿತು. ಟೆಂಪೋದವನು ಮಂಚಕ್ಕೆ ಕೈ ಹಾಕಿದ. "ಬಿಡಿ ಬಿಡಿ, ನೀವು ಹೊಸಬರು!" ದರ್ಜಿಯ ಹೆಂಡತಿ ಹರಿದ ಸೀಟು ಹೊಲಿಯಲು ಸೂಜಿ ತಂದಿದ್ದಳು, ಅವಳ ಕೈಗೆ ಟೀ ಲೋಟ ಬಂತು. ಇಪ್ಪತ್ತೇಳು ಜನ ಸಾಲಾಗಿ ಕೂತು ಬಿಸ್ಕತ್ತು ತಿನ್ನುತ್ತಾ, ಅರವತ್ತು ದಾಟಿದ ಒಬ್ಬ ಮನುಷ್ಯ ಅತ್ತಿಂದಿತ್ತ ಜಿಗಿದಾಡುವುದನ್ನು ನೋಡಿದೆವು. ಹತ್ತೂವರೆಗೆ ಚಪ್ಪಾಳೆ ತಟ್ಟಿ ಮನೆಗೆ ಹೋದೆವು.

ಮುಂದಿನ ಭಾನುವಾರ ಒಂಬತ್ತು ಜನ. ಅದರ ಮುಂದಿನ ವಾರ ನಾಲ್ಕು. ಸುಳ್ಳೇಕೆ, ನಾನೂ ಹೋಗಲಿಲ್ಲ. ಮನೆಗೆ ನೆಂಟರು ಬಂದಿದ್ದರು ಎಂದೆ. ಮೇಷ್ಟ್ರಿಗೆ ಮಂಡಿನೋವು ಬಂತು, ಟೆಂಪೋ ಕೆಟ್ಟಿತು. ಇಡೀ ಊರು ಒಬ್ಬ ಒಳ್ಳೆಯ ಮನುಷ್ಯನ ಮುಖ ನೋಡಿ ಸರಾಗವಾಗಿ ಸುಳ್ಳು ಹೇಳಿತು.

ಕಂಡಕ್ಟರ ಕಾಲು ನೆಲದ ಮೇಲೆ ನಿಲ್ಲದಾಯಿತು. ಬೆಳಿಗ್ಗೆ ಬರುವರು, ಮಧ್ಯಾಹ್ನ ಬರುವರು, ಬಂದು ಬೈಯುವರು. "ಈ ಊರಲ್ಲಿ ಸೇವೆ ಅಂದ್ರೆ ಸಹಿ ಹಾಕೋದು ಅಷ್ಟೇ. ಇನ್ನೂ ನೂರು ಫಾರಂ ಕೊಡಿ. ನೂರರಲ್ಲಿ ಇಪ್ಪತ್ತು ಜನ ನಿಲ್ಲಲ್ವಾ?" ನನಗೆ ಹೇಳಬೇಕೆಂದು ನಾಲಿಗೆ ತುರಿಸುತ್ತಿತ್ತು, ಆದರೆ ಆ ಒಣಗಿದ ಮುಖ ಕಂಡರೆ ಬಾಯಿ ಬರುತ್ತಿರಲಿಲ್ಲ. ಹೇಳದೆ ಇದ್ದುದಕ್ಕೆ ನನ್ನ ಮೇಲೇ ಸಿಟ್ಟು ಬರುತ್ತಿತ್ತು. ಆ ಸಿಟ್ಟನ್ನು ಗಿರಾಕಿಗಳ ಮೇಲೆ ತೀರಿಸಿಕೊಳ್ಳುತ್ತಿದ್ದೆ.

ತಲೆ ಎಣಿಸಲು ಆರು ದಿನ ಉಳಿದಿದ್ದಾಗ, ಒಂದು ಮಧ್ಯಾಹ್ನ, ಕಂಡಕ್ಟರ ಹೆಂಡತಿ ಡಾಕ್ಟರ ಚೀಟಿಯ ಪ್ರತಿ ಮಾಡಿಸಲು ಬಂದು ಸ್ಟೂಲಿನ ಮೇಲೆ ಕೂತಿದ್ದರು. ಹೆಚ್ಚು ಮಾತಿನವರಲ್ಲ ಆ ಅಕ್ಕ. ಹಿಂದೆಯೇ ಕಂಡಕ್ಟರು ಬಂದು "ಐವತ್ತು ಫಾರಂ" ಎಂದರು. ಮೆಷಿನ್ನು ಎರಡು ಹಾಳೆ ಉಗುಳಿ ಮೂರನೆಯದನ್ನು ಕಚ್ಚಿಕೊಂಡು ನಿಂತಿತು. ನಾನು ಮುಚ್ಚಳ ತೆಗೆದೆನೋ ಇಲ್ಲವೋ, ಕೌಂಟರಿನ ಆ ಕಡೆಯಿಂದ ಅವರ ಕೈ ಒಳಗೆ ಬಂತು.

"ತಡೀರಿ, ನಾನು ತೆಗೀತೀನಿ."

ಫಟ್ ಎಂದು ಅವರ ಕೈ ಮೇಲೆ ಹೊಡೆದೆ. ತಂದೆಯ ವಯಸ್ಸಿನವರು. ಹೊಡೆದ ಮೇಲೆ ನನಗೇ ಗಾಬರಿಯಾಯಿತು, ಆದರೆ ಬಾಯಿ ನಿಲ್ಲಲಿಲ್ಲ.

"ಇದು ನನ್ನ ಮೆಷಿನ್ನು! ಹದಿನೈದು ವರ್ಷದಿಂದ ನಾನೇ ಬಿಚ್ಚಿ ನಾನೇ ಜೋಡಿಸ್ತಿದ್ದೀನಿ. ಜನ ಯಾಕೆ ಬರ್ತಿಲ್ಲ ಅಂತ ಕೇಳ್ತೀರಲ್ಲ? ಇದಕ್ಕೇ! ಕರೀತೀರಿ, ಕೂರಿಸ್ತೀರಿ, ಕೈಯಲ್ಲಿರೋದು ಕಿತ್ಕೋತೀರಿ. ಬಸ್ಸಲ್ಲಿ ಕೂತೋರು ಅವರವರ ಸ್ಟಾಪಲ್ಲಿ ಇಳಿದು ಹೋಗ್ತಾರೆ, ಅಷ್ಟೇ!"

"ನಾನು ಒಳ್ಳೇದಕ್ಕೇ ಅಲ್ವಾ..." ಎಂದರು ಅವರು. ಕೈಯನ್ನು ಹಾಗೇ ಎದೆಗೆ ಹಿಡಿದುಕೊಂಡಿದ್ದರು. "ಬಂದೋರಿಗೆ ತೊಂದ್ರೆ ಕೊಡಬಾರ್ದು ಅಂತ. ನಮ್ಮಮ್ಮನ್ನ ಹದಿನಾಲ್ಕು ತಿಂಗಳು ನೋಡ್ಕೊಂಡೆ, ಒಂದು ದಿನ ಅವಳ ಕೈಲಿ ಚಕ್ರ ಮುಟ್ಟಿಸಲಿಲ್ಲ."

"ಮುಟ್ಟಿಸಲಿಲ್ಲ ಅಂತ ನಿಮಗನ್ಸುತ್ತೆ" ಎಂದರು ಅಕ್ಕ.

ಇಬ್ಬರೂ ಅವರತ್ತ ತಿರುಗಿದೆವು. ಅವರು ಮಡಿಲಲ್ಲಿದ್ದ ಚೀಟಿಯನ್ನು ನೋಡುತ್ತಾ ನಿಧಾನಕ್ಕೆ ಹೇಳಿದರು. "ನೀವು ಡ್ಯೂಟಿಗೆ ಹೋದ ತಕ್ಷಣ ಅತ್ತೆ ನನ್ನ ಕರೀತಿದ್ರು. ಆ ಕುರ್ಚಿ ಬ್ರೇಕು ಹಿಂದೆ, ಕಾಲಲ್ಲಿ ಒದ್ದು ತೆಗೀಬೇಕಲ್ಲ, ಕೂತೋರಿಗೆ ಎಟುಕಲ್ಲ. 'ಬ್ರೇಕ್ ತೆಗಿಯೇ, ನಾನೇ ಹೋಗ್ತೀನಿ' ಅಂತಿದ್ರು. ಮನೆಯೆಲ್ಲ ಸುತ್ತೋರು. ಅಡುಗೆಮನೆ, ಬಾಗಿಲು, ಹಿತ್ತಲ ತನಕ. ಬಾಗಿಲ ಚೌಕಟ್ಟಿಗೆ ಗೀರು ಬಿದ್ದಿದೆ ಅಂತ ನೀವು ನನಗೆ ಬೈದು ಮೂರು ಸಲ ಬಣ್ಣ ಹೊಡೆದ್ರಿ. ಅದು ಅವರು ಮಾಡಿದ್ದು. ಹೇಳ್ಬೇಡ ಅಂದಿದ್ರು, ಮಗ ನೊಂದ್ಕೋತಾನೆ ಅಂತ. ನೀವು ಬರೋ ಹೊತ್ತಿಗೆ ಕಿಟಕಿ ಹತ್ರ ವಾಪಸ್ ಬಂದು ಸುಮ್ನೆ ಕೂತಿರೋರು."

ಕೌಂಟರಿನ ಮೇಲೆ ನಾನು ಆಗಲೇ ತೆಗೆದಿಟ್ಟಿದ್ದ ಪ್ರತಿಯನ್ನು ಎತ್ತಿಕೊಳ್ಳಲು ಅಕ್ಕ ಎದ್ದರು. ಸ್ಟೂಲು ಖಾಲಿಯಾಯಿತು. ಕಂಡಕ್ಟರು ಅದನ್ನು ಸ್ವಲ್ಪ ಹೊತ್ತು ನೋಡಿ, ಮೊಣಕಾಲು ಹಿಡಿದುಕೊಂಡು, ಕೂತರು. ಏನೂ ಮುಟ್ಟಲಿಲ್ಲ. ಆಮೇಲೆ ಫಾರಂ ಕೇಳದೆ ಎದ್ದು ಹೋದರು.

ಎರಡು ದಿನ ಅವರ ಸುಳಿವೇ ಇಲ್ಲ. ನನಗೆ ಅಂಗಡಿಯಲ್ಲಿ ಕೂರಲಾಗದೆ ನಾನೇ ಪೆನ್ನುಗಳನ್ನು ಉದ್ದದ ಪ್ರಕಾರ ಜೋಡಿಸಿದೆ. ಮೂರನೇ ದಿನ ಬಂದು ಬಾಗಿಲ ಹೊರಗೇ ನಿಂತರು.

"ನಾಲ್ಕನೇ ನಂಬರಿನ ಚಕ್ರ ಮತ್ತೆ ಸಿಕ್ಕಿದೆ. ನನ್ನ ಕೈಲಿ ಆಗ್ತಿಲ್ಲ" ಎಂದು ಚಪ್ಪಲಿ ನೋಡುತ್ತಾ ಹೇಳಿದರು. "ಭಾನುವಾರ ಬಂದು ನೋಡ್ತೀರಾ?"

ಅಪ್ಪಟ ಸುಳ್ಳು. ಆ ಚಕ್ರವನ್ನು ಅವರು ಕಣ್ಣು ಮುಚ್ಚಿ ಬಿಚ್ಚಬಲ್ಲರು. ಅಷ್ಟು ಸಂಕಟಪಟ್ಟು ಸುಳ್ಳು ಹೇಳಿದವರನ್ನು ನಾನು ಇದುವರೆಗೆ ನೋಡಿಲ್ಲ. ಹಾಗೆಯೇ ಮೇಷ್ಟ್ರ ಮನೆಗೆ ಹೋಗಿ ರಿಜಿಸ್ಟರು ಗೋಜಲಾಗಿದೆ, ನನಗೆ ತಲೆ ಓಡುತ್ತಿಲ್ಲ ಎಂದರಂತೆ. ಟೆಂಪೋದವನ ಹತ್ತಿರ ತಮಗೆ ಸೊಂಟ ಹಿಡಿದಿದೆ ಎಂದರು, ದರ್ಜಿಯ ಹೆಂಡತಿಯ ಹತ್ತಿರ ತಮಗೆ ಸೂಜಿಯ ಕಣ್ಣೇ ಕಾಣುವುದಿಲ್ಲ ಎಂದರು. ಎಲ್ಲ ಸೇರಿ ಕಂಡಕ್ಟರು ಹಾಸಿಗೆ ಹಿಡಿದಿದ್ದಾರೆ ಎಂದು ಊರಲ್ಲಿ ಸುದ್ದಿಯಾಗಿ, ನಾಲ್ಕು ಜನ ಹಣ್ಣು ಹಿಡಿದುಕೊಂಡು ಅವರ ಮನೆಗೆ ನೋಡಲು ಹೋದರು.

ಕೊನೆಯ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಕೋಣೆಯಲ್ಲಿ ಗದ್ದಲವೋ ಗದ್ದಲ. ಅಕ್ಕನೂ ಬಂದಿದ್ದರು. ಅವರನ್ನು ಮೆಂಬರಾಗು ಎಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ನನ್ನ ಅಂಗಡಿಗೇ ಬಂದು ಫಾರಂ ತುಂಬಿ, "ಸೂಚಿಸಿದವರು" ಎಂಬಲ್ಲಿ ನನ್ನ ಸಹಿ ಹಾಕಿಸಿಕೊಂಡಿದ್ದರು. ಈಗ ಮೂಲೆಯಲ್ಲಿ ಕೂತು ವಾಕರುಗಳ ಕಾಲಿಗೆ ಹೊಸ ರಬ್ಬರು ಹಾಕುತ್ತಿದ್ದರು. ನಾನು ಚಕ್ರ ಬಿಚ್ಚಿ ಕೂದಲು ತೆಗೆದು ಜೋಡಿಸಿದೆ. ಭಾರ ಬಿದ್ದರೆ ತಿರುಗುತ್ತದೋ ಇಲ್ಲವೋ ನೋಡಬೇಕಿತ್ತು.

"ಕಂಡಕ್ಟ್ರೇ, ಬನ್ನಿ, ಇದ್ರಲ್ಲಿ ಕೂತ್ಕೊಳಿ. ನಾನು ಹೇಳೋವರೆಗೂ ಏಳ್ಬೇಡಿ."

ಕೂತರು. ಟೆಂಪೋದವನು ಮಂಚವನ್ನು ಗೋಡೆಗೆ ಗುದ್ದಿದಾಗ ಅವರ ಕಾಲ್ಬೆರಳು ಮಡಚಿಕೊಂಡವು. ಮೇಷ್ಟ್ರು ರಿಜಿಸ್ಟರಿನಲ್ಲಿ ಗೆರೆ ಎಳೆಯಲು ಹತ್ತು ನಿಮಿಷ ತೆಗೆದುಕೊಂಡಾಗ ಕೈಗಳು ತಾವಾಗಿ ಎದ್ದು, ಮತ್ತೆ ತೊಡೆಯ ಮೇಲೆ ಬಂದು ಬಿದ್ದವು. ಹಣೆಯಲ್ಲಿ ಬೆವರು. ಆದರೂ ಏಳಲಿಲ್ಲ.

ಮೇಲಿನ ಕಚೇರಿಯ ಅಧಿಕಾರಿ ಫೈಲು ಹಿಡಿದು ಬಂದದ್ದು ಆಗಲೇ. ಮುಕ್ಕಾಲು ಗಂಟೆ ಎಲ್ಲ ನೋಡಿದರು. ಆಮೇಲೆ ಪೆನ್ನಿನ ತುದಿಯಲ್ಲಿ ಒಬ್ಬೊಬ್ಬರನ್ನೇ ತೋರಿಸುತ್ತಾ ಎಣಿಸಿದರು. "ಹತ್ತೊಂಬತ್ತು."

ಹಲ್ಲಿನ ಡಾಕ್ಟರ ಬಾಯಿ ತೆರೆದೇ ಉಳಿಯಿತು.

"ಕುರ್ಚಿಲಿ ಇರೋರನ್ನ ಬಿಟ್ಟಿರಲ್ಲ ಸಾರ್!" ಎಂದು ಕೂಗಿದೆ.

"ಅವರು ಪೇಷಂಟ್ ಅಲ್ವಾ?"

"ಪೇಷಂಟಾ? ಈ ಕ್ಲಬ್ಬಿನ ಮೆಂಬರು!"

"ಕೆಲಸ ಮಾಡೋ ಮೆಂಬರ್ ಅಂತ ರೂಲ್ಸ್ ಇದೆ" ಎಂದರು ಅವರು. "ಇವರು ನಾನು ಬಂದಾಗಿಂದ ಕೂತೇ ಇದ್ದಾರೆ."

ಎಲ್ಲರೂ ಒಟ್ಟಿಗೆ ಬಾಯಿ ಹಾಕಿದರು. ಅಷ್ಟರಲ್ಲಿ ಅಕ್ಕ ವಾಕರನ್ನು ಪಕ್ಕಕ್ಕಿಟ್ಟು ಎದ್ದು ನಿಂತರು. "ಮೂವತ್ತೈದು ವರ್ಷ ಸಂಸಾರ ಮಾಡಿದ್ದೀನಿ ಸಾರ್. ಈ ಮನುಷ್ಯ ಇದಕ್ಕಿಂತ ಕಷ್ಟದ ಕೆಲಸ ಮಾಡಿದ್ದು ನಾನು ನೋಡಿಲ್ಲ. ಬರ್ಕೊಳಿ."

ಎಲ್ಲರೂ ಗೊಳ್ಳೆಂದು ನಕ್ಕರು. ಆ ಅಧಿಕಾರಿ ಕಂಡಕ್ಟರ ಬೆವರಿದ ಮುಖವನ್ನೂ ತೊಡೆಯನ್ನು ಗಟ್ಟಿಯಾಗಿ ಹಿಡಿದಿದ್ದ ಕೈಗಳನ್ನೂ ನೋಡಿದರು. ಇಪ್ಪತ್ತು ಎಂದು ಬರೆದುಕೊಂಡರು.

ಟೀ ಬಂತು. ಗದ್ದಲದಲ್ಲಿ ಕಂಡಕ್ಟರನ್ನು ಏಳಿ ಎನ್ನುವುದು ನನಗೆ ಮರೆತೇ ಹೋಗಿತ್ತು. ನೆನಪಾಗಿ, ಚಕ್ರ ಹೇಗೆ ಓಡುತ್ತದೆ ನೋಡೋಣ ಎಂದು ಹಿಂದಿನಿಂದ ಕುರ್ಚಿಯ ಹಿಡಿ ಹಿಡಿದೆ.

"ಬೇಡ" ಎಂದರು. ದನಿ ಬಹಳ ಸಣ್ಣಗಿತ್ತು. "ಬ್ರೇಕ್ ತೆಗೀರಮ್ಮ. ನಾನೇ ಹೋಗ್ತೀನಿ."

ಮೂಲೆಯಲ್ಲಿ ಅಕ್ಕನ ಕೈ ರಬ್ಬರಿನ ಮೇಲೆ ಹಾಗೇ ನಿಂತಿತು. ನಾನು ಕಾಲಿನಿಂದ ಒದ್ದು ಬ್ರೇಕ್ ತೆಗೆದೆ. ಅವರು ಎರಡೂ ಚಕ್ರ ಹಿಡಿದು ತಳ್ಳಿದರು. ಕುರ್ಚಿ ಸೊಟ್ಟಗೆ ಹೋಗಿ ಬಾಗಿಲ ಚೌಕಟ್ಟಿಗೆ ಉಜ್ಜಿತು, ಬಣ್ಣ ಕಿತ್ತು ಒಂದು ಗೀರು ಬಿತ್ತು. ಬಗ್ಗಿ ಅದನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರು. ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದೆ, ಅಕ್ಕನೂ ನೋಡಿದರು. ಆಮೇಲೆ ಸ್ವಲ್ಪ ಹಿಂದೆ ಸರಿಸಿ, ನೇರ ಮಾಡಿಕೊಂಡು, ಹೊರಗಿನ ಬಿಸಿಲಿಗೆ ತಾವೇ ಹೋದರು.