ಅಜ್ಜಿ ಕೈ ಎತ್ತಿದ ಕಡೆ

…ಇಲ್ಲ, ಕಿಟಕಿ ಬಲಗಡೆ ಇತ್ತು. ಅಥವಾ ಎಡಗಡೆ ಇದ್ದದ್ದನ್ನು ಇಷ್ಟು ವರ್ಷಗಳಲ್ಲಿ ನಾನೇ ಬಲಕ್ಕೆ ಸರಿಸಿಕೊಂಡಿದ್ದೇನೆ. ಸೂಳಗಿರಿಯ ಹೆದ್ದಾರಿ ಬದಿಯ ಕಲ್ಯಾಣಮಂಟಪದಲ್ಲಿ ವಯಸ್ಸಾದವರ ಮರೆವು ಪರೀಕ್ಷಿಸುವ ಶಿಬಿರ ನಡೆದಿತ್ತು, ಅಜ್ಜಿಯನ್ನು ಚಿಕ್ಕಮ್ಮ ಮತ್ತು ನಾನು ಕರೆದೊಯ್ದಿದ್ದೆವು. ಇಷ್ಟು ಖಚಿತ. ನಾನು ಮೂಕಂಡಪಲ್ಲಿಯ ಕಾರ್ಖಾನೆಯಿಂದ ರಜೆ ಹಾಕಿ ಬಂದಿದ್ದೆ.

ಪಣಕ್ಕಿದ್ದದ್ದು ಒಲೆ. ಅಜ್ಜಿ ಉರಿಯುವ ಕೊಳ್ಳಿಯನ್ನು ಸೌದೆ ರಾಶಿಯ ಮೇಲಿಟ್ಟು ಡೈರಿಗೆ ಹಾಲು ಹಾಕಲು ಹೋಗಿಬಿಟ್ಟಿದ್ದಳು.

"ನೆಟ್ಟಗವ್ಳೆ ಅಂದ್ರೆ ಒಲೆ ನಿಮ್ದೇ ಅತ್ತೆ," ಎಂದಳು ಚಿಕ್ಕಮ್ಮ ಬಸ್ಸಿನಲ್ಲಿ. "ಇಲ್ದಿದ್ರೆ ಬೆಂಕಿಪೊಟ್ಣ ನನ್ ಕೈಗೆ ಕೊಟ್ಬುಡ್ಬೇಕು."

"ನಿನ್ ಕೈ ಮುದ್ದೆಗಿಂತ ಮಣ್ಣೇ ವಾಸಿ ಕಣಮ್ಮಿ."

ಪರೀಕ್ಷೆ ಮಾಡುತ್ತಿದ್ದ ಹೆಂಗಸು ತಮಿಳಿನವಳು. ಅಜ್ಜಿಗೂ ತಮಿಳು ಬರುತ್ತಿತ್ತು. ಬಾಗಿಲು, ಎಮ್ಮೆ, ಮಾವಿನಹಣ್ಣು ಎಂದು ಆ ಹೆಂಗಸು ಮೂರು ಮಾತು ಹೇಳಿ, ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು. ಅಜ್ಜಿ ಬಾಗಿಲು ಎಂದಳು, ಎಮ್ಮೆ ಎಂದಳು. ಮೂರನೆಯದಕ್ಕೆ ನನ್ನ ಕಡೆ ತಿರುಗಿ, "ಅದೇನೋ ತಿನ್ನೋದು. ಇವ್ಳೇ ಮಡಿಕ್ಕೊಂಡವ್ಳೆ," ಎಂದಳು.

ಆಮೇಲೆ ಗಂಡನ ಹೆಸರು.

ನಮ್ಮ ಕಡೆಯ ಹಳೇ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ. ತೀರಾ ಬೇಕೆಂದರೆ ಅದೇ ಹೆಸರಿನ ದೇವರ ಕಡೆ ಕೈ ತೋರಿಸುತ್ತಾರೆ. ತಾತನದು ಸೂಳಗಿರಿ ಬೆಟ್ಟದ ದೇವರ ಹೆಸರು. ಆ ಹೆಂಗಸಿಗೂ ಇದು ಗೊತ್ತಿತ್ತು. ತನ್ನ ಅಜ್ಜಿಯೂ ಹೀಗೇ ಎಂದು ನಕ್ಕು, ಕಿವಿಯಲ್ಲಿ ಹೇಳಿ ಎಂದು ಬಾಗಿದಳು.

"ಸತ್ತು ಮಣ್ಣಾಗೋದೋನಿಗೆ ಇನ್ಯಾವ ಆಯಸ್ಸು ಅತ್ತೆ, ಕಮ್ಮಿ ಆಗಾಕೆ?" ಎಂದಳು ಚಿಕ್ಕಮ್ಮ. ಸರದಿಗೆ ಕೂತಿದ್ದವರೆಲ್ಲ ನಕ್ಕರು. ನಗುವವರ ನಡುವೆ ನನ್ನ ಮುಖವೂ ಕಾಣುತ್ತದೆ, ಆದರೆ ನನ್ನ ಮುಖವನ್ನು ನಾನು ನೋಡಿರಲು ಸಾಧ್ಯವಿಲ್ಲ.

ಅಜ್ಜಿ ಕಿಟಕಿಯ ಕಡೆ ಕೈ ಎತ್ತಿ ಇಳಿಸಿದಳು.

"ಬೆಟ್ಟ ತೋರಿಸಿದ್ಲು," ಎಂದೆ.

"ನೊಣ ಓಡ್ಸಿದ್ಲು," ಎಂದಳು ಚಿಕ್ಕಮ್ಮ.

ಇದರಿಂದಲೇ ಏನೂ ತೀರ್ಮಾನವಾಗುವುದಿಲ್ಲ, ಕೃಷ್ಣಗಿರಿಯ ದೊಡ್ಡಾಸ್ಪತ್ರೆಯಲ್ಲಿ ಮತ್ತೆ ತೋರಿಸಿ ಎಂದಳು ಆ ಹೆಂಗಸು. ಚಿಕ್ಕಮ್ಮನಿಗೆ 'ಮತ್ತೆ ತೋರಿಸಿ' ಸಾಕಾಯಿತು. ಬಸ್ ಸ್ಟಾಪಿನಲ್ಲೇ ಅಜ್ಜಿಯ ಎಲೆಯಡಿಕೆ ಚೀಲಕ್ಕೆ ಕೈ ಹಾಕಿ ಬೆಂಕಿಪೊಟ್ಟಣ ತೆಗೆದುಕೊಂಡಳು. ಕೃಷ್ಣಗಿರಿಗೆ ಯಾರೂ ಕರೆದೊಯ್ಯಲಿಲ್ಲ.

ಅಂದಿನಿಂದ ಊಟದ ಹೊತ್ತಿಗೆ ಅದೇ ಆಟ. ಮುದ್ದೆಯ ತಟ್ಟೆಯನ್ನು ಅಜ್ಜಿಯ ಕೈಗೆ ಎಟುಕದಷ್ಟು ದೂರ ಹಿಡಿದು, "ಗಂಡನ್ ಹೆಸ್ರು ಯೋಳಿ ಅತ್ತೆ, ಇಕ್ತೀನಿ," ಎನ್ನುವಳು ಚಿಕ್ಕಮ್ಮ. ಮನೆಯೆಲ್ಲ ನಗು. ಮೊದಮೊದಲು ಅಜ್ಜಿ ಬೈಯುತ್ತಿದ್ದಳು. ಆಮೇಲೆ ಬೈಗುಳ ನಿಂತಿತು, ಕೈ ಮಾತ್ರ ಎತ್ತುತ್ತಿದ್ದಳು. ಅದು ಬೆಟ್ಟಕ್ಕೋ ತಟ್ಟೆಗೋ ಹೇಳುವಂತಿರಲಿಲ್ಲ, ಎರಡೂ ಒಂದೇ ದಿಕ್ಕಿಗಿದ್ದವು. ತಟ್ಟೆಯನ್ನು ಚಿಕ್ಕಮ್ಮ ಬೇಕೆಂದೇ ಆ ಕಡೆ ಹಿಡಿಯುತ್ತಿದ್ದಳೇ? ಇದನ್ನು ನಾನು ಈಗ, ಬರೆಯುತ್ತ ಸೇರಿಸಿದ್ದಿರಬಹುದು.

ಅಜ್ಜಿ ಆ ಹೆಸರು ಹೇಳದೆಯೇ ಸತ್ತಳು. ರಸ್ತೆ ಅಗಲ ಮಾಡುವಾಗ ಕಲ್ಯಾಣಮಂಟಪ ಒಡೆದುಹಾಕಿದರು. ಅದರ ಕಿಟಕಿಯಿಂದ ಬೆಟ್ಟ ಕಾಣುತ್ತಿತ್ತೇ ಎಂದು ಈಗ ನೋಡುವಂತಿಲ್ಲ. ಕಾಣುತ್ತಿದ್ದರೂ, ಅವಳು ಹೆಸರನ್ನು ಬಚ್ಚಿಟ್ಟಿದ್ದಳೋ ಕಳೆದುಕೊಂಡಿದ್ದಳೋ, ನನಗೆ ಗೊತ್ತಿಲ್ಲ.