ಹಾಕಿದ ಬಾಗಿಲು

ಆಗ ನನಗೆ ಅರವತ್ತೆಂಟು. ಈಗ್ಗೆ ಮೂರು ವರ್ಷದ ಮಾತು. ನಾನು ಓದಿದ್ದು ಎರಡನೇ ಇಯತ್ತೆ. ಬೆಟಗೇರಿಯ ನಮ್ಮ ಮನೆಯಲ್ಲಿ ಮೊಮ್ಮಗಳು ಕಂಪ್ಯೂಟರಿನಲ್ಲಿ ಆಡುವ ಆಟವೊಂದನ್ನು ಕಟ್ಟುತ್ತಿದ್ದಳು. ನೇಕಾರರ ಮನೆಯೊಂದರಲ್ಲಿ ಹುಡುಗಿಯೊಬ್ಬಳು ತಾಯಿಯನ್ನು ಹುಡುಕುವುದು, ಇಷ್ಟೇ ಅದರ ಕಥೆ. ಆ ತಾಯಿ ಎಂದರೆ ತೀರಿಹೋದ ನನ್ನ ಮಗಳು. ಕೊನೆಯ ಬಾಗಿಲು ತೆರೆದರೆ ಅವಳು ಹುಡುಗಿಯನ್ನು ಎತ್ತಿಕೊಳ್ಳುತ್ತಿದ್ದಳು.

“ಹೆಂಗೈತಿ, ಆಯಿ?” ಎಂದು ಮೊಮ್ಮಗಳು ಕೇಳಿದಳು.

“ಸುಳ್ಳೈತಿ,” ಎಂದೆ.

“ನೀ ಒಮ್ಮಿನೂ ಚಲೋ ಐತಿ ಅನ್ನಂಗಿಲ್ಲ ನೋಡು. ಖರೆ ಏನಿತ್ತು, ಹೇಳ ಮತ್ತ.”

ಹೇಳಿದೆ. ಮಗಳಿಗೆ ಕ್ಷಯವಾಗಿತ್ತು. ಆಗ ಮೂರು ವರ್ಷದ ಕೂಸಾಗಿದ್ದ ಈ ಮೊಮ್ಮಗಳಿಗೆ ತಗಲೀತೆಂದು ಅವಳ ಕೋಣೆಗೆ ಹೊರಗಿನಿಂದ ಚಿಲಕ ಹಾಕಿದವಳು ನಾನೇ. ಅವಳು ನೂಲು ಸುತ್ತುವ ಖಾಲಿ ಕಂಡಿಕೆಗಳನ್ನು ಬಾಗಿಲ ಕೆಳಗಿನ ಸಂದಿಯಿಂದ ಕೂಸಿನ ಕಡೆ ಉರುಳಿಸುತ್ತಿದ್ದಳು. ಕೂಸು ಮುಟ್ಟುವ ಮೊದಲೇ ನಾನು ಎತ್ತಿ ಒಲೆಗೆ ಹಾಕುತ್ತಿದ್ದೆ. ಅವಳು ಸಾಯುವ ದಿನವೂ ಕೂಸನ್ನು ಒಳಗೆ ಬಿಡಲಿಲ್ಲ.

ಮೊಮ್ಮಗಳು ಅಳಲಿಲ್ಲ.

“ನನ್ನ ಕರೀತಿದ್ಲೇನ?”

“ದಿನಾ ಕರೀತಿದ್ಲು. ‘ಬಾರ ನನ್ನ ಗುಬ್ಬಿ’ ಅಂತಿದ್ಲು.”

ಆಟದಲ್ಲಿ ತಾಯಿ ಎತ್ತಿಕೊಳ್ಳುವುದನ್ನು ಅವಳು ಅಲ್ಲೇ ಅಳಿಸಿದಳು. “ಬಾಗಲಾ ಮುಚ್ಚೇ ಇರ್ಲಿ, ಆಯಿ. ಒಳಗಿಂದ ಕರಿಯೋದಷ್ಟ ಕೇಳ್ಬೇಕು. ಆದ್ರ ನನಗ ಅವ್ವನ ಧ್ವನಿ ನೆನಪಿಲ್ಲ,” ಎಂದಳು. ಆ ದಿನ ರೊಟ್ಟಿ ಮುಟ್ಟಲಿಲ್ಲ.

ಮರುದಿನ ಮುಂಜಾನೆ ಧ್ವನಿ ರೆಕಾರ್ಡ್ ಮಾಡಿಕೊಳ್ಳೆಂದು ಅವಳ ಕೈಗೆ ಫೋನು ಕೊಟ್ಟು, ಮಗಳಿದ್ದ ಕೋಣೆಯ ಹೊರಗೆ ಕೂರಿಸಿದೆ. ನಾನು ಆ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಮಗಳು ಕರೆದ ಹಾಗೆಯೇ ಕರೆದೆ.