ಸಗಾಯಿಯಿಂದ ಕದ್ದ ಪಾಪ

ಗೊರಗುಂಟೆಪಾಳ್ಯದಲ್ಲಿ ಆಗಿನ್ನೂ ಮೇಲ್ಸೇತುವೆ ಬಂದಿರಲಿಲ್ಲ. ಅಮ್ಮ ನನ್ನ ಮತ್ತು ತಮ್ಮನ ರಟ್ಟೆ ಹಿಡಿದುಕೊಂಡು ಲಾರಿಗಳ ನಡುವೆ ನುಗ್ಗಿ ತುಮಕೂರು ರಸ್ತೆ ದಾಟಿಸುತ್ತಿದ್ದ ಕಾಲ ಅದು. ರಸ್ತೆಯ ಆಚೆ, ಲಾರಿ ಬಾಡಿ ಕಟ್ಟುವ ಶೆಡ್ಡುಗಳ ಹಿಂದೆ ನಮ್ಮ ಚರ್ಚಿತ್ತು. ದೊಡ್ಡ ಗೋಪುರ, ಬಣ್ಣದ ಗಾಜು ಅಂಥದ್ದೇನೂ ಇಲ್ಲ. ಶೀಟಿನ ಚಾವಣಿ, ಸುಣ್ಣದ ಗೋಡೆ, ಅಂಗಳದಲ್ಲೊಂದು ಹೊಂಗೆಮರ. ಪೂಜೆ ನಡೆಯುವಾಗ ಧೂಪದ ಹೊಗೆಯ ಜೊತೆ ಲಾರಿ ಪೇಂಟಿನ ವಾಸನೆಯೂ ಒಳಗೆ ಬರುತ್ತಿತ್ತು. ಈಗಲೂ ಎಲ್ಲಾದರೂ ಹೊಸ ಪೇಂಟಿನ ವಾಸನೆ ಬಡಿದರೆ ನನ್ನ ಕೈ ತಾನಾಗಿ ಹಣೆಗೆ ಹೋಗುತ್ತದೆ, ಶಿಲುಬೆ ಗುರುತು ಹಾಕಿಕೊಳ್ಳಲು.

ಆ ಬೇಸಿಗೆಯಲ್ಲಿ ನನಗೆ ಒಂಬತ್ತು ವರ್ಷ. ಮೊದಲ ಸಲ ಪರಮಪ್ರಸಾದ ತೆಗೆದುಕೊಳ್ಳುವ ಹನ್ನೆರಡು ಮಕ್ಕಳಿಗೆ ದಿನಾ ಮಧ್ಯಾಹ್ನ ಮೂರಕ್ಕೆ ಹೊಂಗೆಮರದ ಕೆಳಗೆ ಕ್ಲಾಸು. ಕಲಿಸುತ್ತಿದ್ದವರು ಲೂರ್ದಮ್ಮ ಟೀಚರ್, ಸೊಂಟದಲ್ಲಿ ಚರ್ಚಿನ ಬೀಗದ ಕೈಗಳ ಗೊಂಚಲು ಸಿಕ್ಕಿಸಿಕೊಂಡೇ ಇರುತ್ತಿದ್ದ ಹೆಂಗಸು. ಪಕ್ಕದ ಕಾನ್ವೆಂಟಿನ ಸಿಸ್ಟರುಗಳು ಪೂಜೆಯಲ್ಲಿ ದೇವರ ಶರೀರವೆಂದು ನಾಲಿಗೆಯ ಮೇಲಿಡುವ ತೆಳು ಬಿಳಿ ಅಪ್ಪಗಳನ್ನು ಕತ್ತರಿಸಿ, ಮಿಕ್ಕ ಅಂಚಿನ ಚೂರುಗಳನ್ನು ನಮಗೆ ಕಳಿಸುತ್ತಿದ್ದರು. ಅದರಲ್ಲೇ ನಮಗೆ ಅಭ್ಯಾಸ.

"ನಾಲಿಗೆ ಚಾಚಿ. ಹಲ್ಲಿಗೆ ತಾಗಿಸ್ಬೇಡಿ. ದೇವರನ್ನ ಯಾರಾದ್ರೂ ಅಗೀತಾರೇನ್ರೋ?" ಎಂದು ಟೀಚರ್ ಗದರುತ್ತಿದ್ದರು. ಅವರು ಆಚೆ ತಿರುಗಿದ ಕೂಡಲೇ ನಾವು ಆ ಚೂರುಗಳಿಗೆ ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಹೋಳು ಸೇರಿಸಿ ಕರಕರ ಅಗಿಯುತ್ತಿದ್ದೆವು. ಆಮೇಲೆ ಅದೂ ಪಾಪವೇ ಇರಬಹುದೆಂದು ಹೆದರುತ್ತಿದ್ದೆವು.

ಪಾಪದ ವಿಷಯಕ್ಕೆ ಬಂದರೆ ನಮ್ಮ ಕಷ್ಟವೇ ಬೇರೆ. ಪರಮಪ್ರಸಾದಕ್ಕೆ ಹಿಂದಿನ ಸಂಜೆ ಪಾಪನಿವೇದನೆ ಮಾಡಬೇಕು. ಜಾಲರಿಯ ಆಚೆ ಫಾದರ್ ಕೂತಿರುತ್ತಾರೆ, ಈಚೆ ನಾವು ಮಂಡಿಯೂರಿ, ಹುಟ್ಟಿದಾಗಿನಿಂದ ಮಾಡಿದ ಪಾಪವನ್ನೆಲ್ಲ ಹೇಳಬೇಕು. ಹೇಳಿದ್ದು ತೊಳೆದುಹೋಗುತ್ತದೆ, ಬೇಕೆಂದೇ ಮುಚ್ಚಿಟ್ಟದ್ದು ಉಳಿಯುತ್ತದೆ. ಅದನ್ನು ಉಳಿಸಿಕೊಂಡು ದೇವರನ್ನು ನಾಲಿಗೆಯ ಮೇಲಿಟ್ಟುಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ಪಾಪ. ಭಯಕ್ಕೆ ಬಾಯಿ ಒಣಗಿ ಮರೆತುಬಿಟ್ಟರೆ ಎಂದು ಲೂರ್ದಮ್ಮ ಟೀಚರ್ ಒಂದು ಪದ್ಧತಿ ಮಾಡಿದ್ದರು. ಪಾಪಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಓದುವುದು, ಹೊರಗೆ ಬಂದು ಧೂಪದ ಕೆಂಡಕ್ಕೆ ಹಾಕುವುದು. ಸರಾಗವಾಗಿ ಓದಲು ಬಾರದವರು ಚೀಟಿಯನ್ನು ಜಾಲರಿಯ ಕೆಳಗಿನ ಸಂದಿಯಿಂದ ಫಾದರಿಗೆ ಕೊಟ್ಟರೂ ಆಯಿತು.

ಶಾಲೆಯಲ್ಲಿ ಪ್ರಬಂಧಕ್ಕೆ ಬಹುಮಾನ ಪಡೆದವಳು ನಾನೊಬ್ಬಳೇ. ಸರಿ, ಹುಡುಗರೆಲ್ಲ ನನ್ನ ಸುತ್ತ ಕೂತರು. ಅವರ ಪಾಪಗಳೋ ಎಲ್ಲರವೂ ಒಂದೇ ತರಹ, ಅಮ್ಮನ ಮಾತು ಕೇಳಲಿಲ್ಲ, ತಂಗಿಗೆ ಹೊಡೆದೆ. ನಾನು ಅದಕ್ಕೆ ಒಗ್ಗರಣೆ ಹಾಕತೊಡಗಿದೆ. "ನಂಗೊಂದು ದೊಡ್ಡದ್ ಹಾಕು ಕಣೇ ಫಿಲೋಮಿನಾ" ಎಂದ ಅಂತೋಣಿಗೆ, ಹಾಡಿನ ಮಾಸ್ತರರ ಸೈಕಲ್ ಬೆಲ್ಲು ಕದ್ದೆ ಎಂದು ಬರೆದುಕೊಟ್ಟೆ. ಅದು ಸುಳ್ಳಲ್ಲವೇ ಎಂದು ನನಗೂ ಹೊಳೆಯಲಿಲ್ಲ, ಅವನಿಗೂ ಹೊಳೆಯಲಿಲ್ಲ. ಹೆಮ್ಮೆಯೊಂದು ಮಾತ್ರ ನೆನಪಿದೆ. ಹನ್ನೊಂದು ಜನರ ಪಾಪ ನನ್ನ ಪೆನ್ಸಿಲಿನ ತುದಿಯಲ್ಲಿತ್ತು.

ಕೊನೆಗೆ ಬಂದವಳು ಸಗಾಯಿ. ಪೂರ್ತಿ ಹೆಸರು ಸಗಾಯಮೇರಿ. ಅವಳಪ್ಪ ಆ ಶೆಡ್ಡುಗಳಲ್ಲೇ ಲಾರಿಗಳಿಗೆ ಬಣ್ಣ ಹೊಡೆಯುತ್ತಿದ್ದ. ಮನೆಮಾತು ತಮಿಳು, ಕನ್ನಡ ಚೆನ್ನಾಗಿ ಮಾತಾಡುತ್ತಿದ್ದಳು, ಓದುವುದು ಮಾತ್ರ ಅಕ್ಷರ ಕೂಡಿಸಿ ಕೂಡಿಸಿ. ಕುಂಟೆಬಿಲ್ಲೆಯಲ್ಲಿ ಅವಳನ್ನು ಸೋಲಿಸುವವರಿರಲಿಲ್ಲ. ಅವತ್ತು ಎಲ್ಲರೂ ಹೋಗುವವರೆಗೆ ಕಾದು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

"ಯಾರ್ಗೂ ಹೇಳ್ಬಾರ್ದು."

"ಹೇಳಲ್ಲ ಕಣೇ."

"ಮರಿಯಾ ಮಾತೆ ಮುಂದೆ ಆಣೆ?"

"ಆಣೆ."

ಅವಳು ನೆಲದ ಮೇಲಿದ್ದ ಹೊಂಗೆ ಹೂವುಗಳನ್ನು ಒಂದೊಂದಾಗಿ ಹಿಚುಕುತ್ತಾ ಹೇಳಿದಳು. "ನಮ್ಮಪ್ಪ ಕುಡಿದು ಬಂದು ಅಮ್ಮಂಗೆ ಹೊಡೀತಾನೆ. ಅವನು ಸತ್ತೋಗ್ಲಿ ಅಂತ ಜಪ ಮಾಡ್ದೆ. ಸುಮ್ನೆ ಬಾಯಲ್ಲಲ್ಲ. ಮೂರ್ ದಿನ ಮಾತೆ ಮುಂದೆ ಮೇಣದಬತ್ತಿ ಹಚ್ಚಿ ಕೇಳ್ಕೊಂಡೆ. ಈಗ ಅವನು ಕೆಮ್ಮಿದ್ರೆ ನಂಗ್ ಭಯ ಆಗತ್ತೆ. ಅದನ್ನ ಬರಿ. ಫಾದರ್‌ಗೆ ಅರ್ಥ ಆಗೋ ಹಂಗೆ ಬರಿ. ನಂಗ್ ಹೇಳಕ್ಕೆ ಬರಲ್ಲ."

ಒಬ್ಬ ಗೆಳತಿ ಆಗ ಏನು ಮಾಡಬೇಕು? ಕೈ ಹಿಡಿಯಬೇಕು, ಕಣ್ಣೀರಾದರೂ ಬರಬೇಕು. ನನಗೆ ಬಂದದ್ದು ಹೊಟ್ಟೆಯುರಿ. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ, ನನಗೆ ಅವಳ ಪಾಪ ಬೇಕೆನಿಸಿತು. ನನ್ನಪ್ಪ ಕಾರ್ಖಾನೆಯಲ್ಲಿ ಫಿಟರ್. ಸಾಯಂಕಾಲ ಐದೂವರೆಗೆ ಮನೆಗೆ ಬಂದು, ಟೀ ಕುಡಿದು, ನಮ್ಮಿಬ್ಬರನ್ನೂ ಸೈಕಲ್ಲಿನಲ್ಲಿ ಕೂರಿಸಿ ಸುತ್ತಿಸುತ್ತಿದ್ದ. ಅಂಥ ಮನೆಯಲ್ಲಿ ಎಂಥ ಪಾಪ ಸಿಗುತ್ತದೆ? ಸಕ್ಕರೆ ಡಬ್ಬಿಗೆ ಕೈ ಹಾಕಿದೆ, ಜಪಸರ ಹೇಳುವಾಗ ತೂಕಡಿಸಿದೆ. ಎಲ್ಲರಿಗೂ ಬರೆದುಕೊಟ್ಟ ನಾನು ಫಾದರ್ ಮುಂದೆ ಸಕ್ಕರೆ ಡಬ್ಬಿ ಹಿಡಿದು ನಿಲ್ಲುವುದೇ?

ಆ ರಾತ್ರಿ ಎರಡು ಚೀಟಿ ಬರೆದೆ. ಒಂದೇ ಸಂಜೆ ಅಂಥ ಪಾಪ ಎರಡು ಸಲ ಬಂದರೆ ಫಾದರಿಗೆ ಗೊತ್ತಾಗಿಬಿಡುತ್ತದೆ ಎಂದು ನನ್ನ ಲೆಕ್ಕಾಚಾರ. ಅದಕ್ಕೆ ಅದಲುಬದಲು ಮಾಡಿದೆ. ಅವಳ ಮೇಣದಬತ್ತಿ ನನ್ನ ಚೀಟಿಗೆ ಬಂತು, ನನ್ನ ಸಕ್ಕರೆ ಡಬ್ಬಿ ಅವಳ ಚೀಟಿಗೆ ಹೋಯಿತು.

ಶನಿವಾರ ಸಂಜೆ ಸಾಲು ನಿಂತಾಗ ಮಡಚಿದ ಚೀಟಿಗಳನ್ನು ಹಂಚಿದೆ. ಒಳಗೆ ಹೋಗುವವರೆಗೆ ಬಿಚ್ಚಬಾರದು, ಬಿಚ್ಚಿದರೆ ಪಾಪ ಹೊರಗೆ ಬಿದ್ದುಹೋಗುತ್ತದೆ ಎಂದೂ ಹೆದರಿಸಿದೆ. ಅಂತೋಣಿ ಒಳಗೆ ಹೋದವನು ಅಳುತ್ತಾ ಹೊರಗೆ ಬಂದ. "ಬೆಲ್ಲು ವಾಪಸ್ ಕೊಟ್ಬಿಟ್ ಬಾ ಅಂದ್ರು ಕಣೇ! ಎಲ್ಲಿಂದ ತರ್ಲಿ ನಾನು?" ನಾನು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆ.

ನನ್ನ ಸರದಿ ಬಂತು. ಮಂಡಿಯೂರಿ ಓದಿದೆ. ಅಪ್ಪ ಕುಡಿದು ಬರುವುದು, ಅಮ್ಮ ಮೂಲೆಯಲ್ಲಿ ಮುದುಡಿಕೊಳ್ಳುವುದು, ಮಾತೆಯ ಪಾದದ ಬಳಿ ಉರಿಯುವ ಮೇಣದಬತ್ತಿ. ಸಗಾಯಿ ಹೇಳದಿದ್ದ ಎರಡು ಸಾಲು ನಾನೇ ಸೇರಿಸಿದ್ದೆ. ಜಾಲರಿಯ ಆಚೆ ಫಾದರ್ ಮುಂದಕ್ಕೆ ಬಗ್ಗಿದರು. ಅವರು ಮಂಗಳೂರು ಕಡೆಯವರು, ಪುಸ್ತಕದ ಹಾಗೆ ಮಾತಾಡುತ್ತಿದ್ದರು.

"ಮಗೂ, ನಿನ್ನ ತಂದೆ ನಿನಗೂ ಹೊಡೆಯುತ್ತಾರಾ?"

ಇಲ್ಲ ಎನ್ನಲು ಆಗಲೂ ಸಮಯವಿತ್ತು. "ಹೂಂ ಫಾದರ್" ಎಂದೆ. ಹಾಗೆಂದ ಕೂಡಲೇ ನಿಜವಾಗಿಯೂ ಅಳು ಬಂತು. ಫಾದರ್ ಏನೋ ಹೇಳಹೋದರು, ಅವರ ದನಿ ಒಡೆಯಿತು. ನನ್ನ ಜನ್ಮದಲ್ಲಿ ಅಂಥ ಸುಖ ಅದುವರೆಗೆ ಗೊತ್ತಿರಲಿಲ್ಲ. ದೊಡ್ಡವರೊಬ್ಬರು ನನ್ನ ಮಾತು ಕೇಳಿ ಅಳುತ್ತಿದ್ದರು! ಕಥೆ ಬರೆಯುವುದನ್ನು ಎಲ್ಲಿ ಕಲಿತಿರಿ ಎಂದು ಜನ ಕೇಳುತ್ತಾರೆ. ನಾನು ಅಜ್ಜಿಯ ಹೆಸರು ಹೇಳುತ್ತೇನೆ, ಶಾಲೆಯ ಲೈಬ್ರರಿಯ ಹೆಸರು ಹೇಳುತ್ತೇನೆ. ಕಲಿತದ್ದು ಅಲ್ಲಿ, ಆ ಜಾಲರಿಯ ಮುಂದೆ, ಮಂಡಿಯ ಮೇಲೆ.

ಪ್ರಾಯಶ್ಚಿತ್ತಕ್ಕೆ ನನಗೆ ಇಡೀ ಒಂದು ಜಪಸರ, ಅಂದರೆ ಐವತ್ತಕ್ಕೂ ಹೆಚ್ಚು ಸಲ ನಮೋ ಮರಿಯಾ ಪ್ರಾರ್ಥನೆ, ಹೇಳಲು ಕೊಟ್ಟರು. ನನ್ನ ಹಿಂದೆ ಹೋದ ಸಗಾಯಿ ಚೀಟಿಯನ್ನು ಸಂದಿಯಿಂದ ಕೊಟ್ಟು, ವಾಪಸು ಪಡೆದು, ಎರಡೇ ನಿಮಿಷದಲ್ಲಿ ಹೊರಗೆ ಬಂದಳು. ಕ್ಯಾಥೊಲಿಕ್ ಮಕ್ಕಳು ಪಾಪ ಏನೆಂದು ಕೇಳುವುದಿಲ್ಲ, ಪ್ರಾಯಶ್ಚಿತ್ತ ಎಷ್ಟೆಂದು ಕೇಳುತ್ತಾರೆ. ಅದು ಪರೀಕ್ಷೆಯ ಮಾರ್ಕ್ಸ್ ಕೇಳಿದ ಹಾಗೆ.

"ನಂಗ್ ಒಂದೇ ನಮೋ ಮರಿಯಾ" ಎಂದಳು. ಮುಖದಲ್ಲಿ ಸಂತೋಷವಿರಲಿಲ್ಲ, ಗಾಬರಿಯಿತ್ತು. "ಅಷ್ಟ್ ದೊಡ್ಡದಕ್ಕೆ ಒಂದೇನಾ? ನಿಂಗೆಷ್ಟು?"

"ಒಂದು ಜಪಸರ."

"ನೀನೇನ್ ಮಾಡಿದ್ದೆ?"

ನಾನು ಹೋಗಿ ನನ್ನ ಚೀಟಿಯನ್ನು ಕೆಂಡಕ್ಕೆ ಹಾಕಿದೆ. ಎಲ್ಲರೂ ಚೀಟಿಯನ್ನು ಕೆಂಡಕ್ಕೆ ಹಾಕುತ್ತಿದ್ದರು. ಸಗಾಯಿ ಹಾಕಲಿಲ್ಲ. ಅಂಗಳದ ಗೋಡೆಯ ಹತ್ತಿರ ಹೋಗಿ ಬಿಚ್ಚಿದಳು. ದೂರದಿಂದ ಅವಳ ತುಟಿಗಳು ಅಲುಗಾಡುವುದು ಕಾಣುತ್ತಿತ್ತು. ಅಕ್ಷರಗಳನ್ನು ಕೂಡಿಸುತ್ತಿದ್ದಳು.

ಓಡಿಹೋಗಿ ಹೇಳಬಹುದಿತ್ತು. ಫಾದರ್ ಇನ್ನೂ ಒಳಗೇ ಇದ್ದರು. ನಾನು ಅಮ್ಮನ ಸೆರಗು ಹಿಡಿದು ಮನೆಗೆ ಹೋದೆ. ನನ್ನ ಫ್ರಾಕಿಗೆ ಲೇಸು ಹೊಲಿಯುವುದು ಬಾಕಿಯಿತ್ತು.

ಭಾನುವಾರ ಬೆಳಿಗ್ಗೆ ಸಗಾಯಿ ಯಾರದೋ ಎರವಲು ಬಿಳಿ ಫ್ರಾಕಿನಲ್ಲಿ ಬಂದಳು. ಜೋಡಿ ಜೋಡಿಯಾಗಿ ನಿಲ್ಲಿಸಿದಾಗ ನನ್ನ ಪಕ್ಕವೇ ಬಂದು ನಿಂತಳು. ನನ್ನತ್ತ ನೋಡಲಿಲ್ಲ. ಪೀಠದ ಮುಂದೆ ಫಾದರ್ ಅಪ್ಪವನ್ನು ಎತ್ತಿ ಹಿಡಿದರು. ನಾನು ನಾಲಿಗೆ ಚಾಚಿದೆ. ಪಕ್ಕದಲ್ಲಿ ಸಗಾಯಿ ತುಟಿ ಬಿಗಿದು ಬೇಡವೆಂದು ತಲೆಯಾಡಿಸಿದಳು. ಫಾದರ್ ಮತ್ತೊಮ್ಮೆ ಎತ್ತಿ ಹಿಡಿದರು. ಅವಳು ಕೈ ಮುಗಿದು, ಹಿಂದಕ್ಕೆ ತಿರುಗಿ, ಇಡೀ ಚರ್ಚು ನೋಡುತ್ತಿರುವಾಗ ಒಬ್ಬಳೇ ನಡೆದು ಹೋದಳು.

ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಅವಳಮ್ಮ ಅವಳ ಕೆನ್ನೆಗೆ ಬಾರಿಸಿದಳು. ಪೂಜೆಗೆ ಮುಂಚೆ ಏನಾದರೂ ತಿಂದರೆ ಪ್ರಸಾದ ತೆಗೆದುಕೊಳ್ಳುವಂತಿಲ್ಲ, ಅದೇ ಆಗಿದೆ ಎಂದು ಎಲ್ಲರೂ ತಿಳಿದರು.

"ಏನ್ ತಿಂದೆ, ಹೇಳ್ಡೀ! ಒಂದ್ ಗಂಟೆ ತಡ್ಕೊಳ್ಳಕ್ ಆಗ್ಲಿಲ್ವಾ ನಿಂಗೆ?"

"ಬನ್ ತಿಂದೆ" ಎಂದಳು ಸಗಾಯಿ.

ಅವಳು ಏನೂ ತಿಂದಿರಲಿಲ್ಲ. ನನ್ನ ಹೆಸರು ಹೇಳಿದರೆ ತನ್ನ ಪಾಪವನ್ನೂ ಹೇಳಬೇಕಾಗುತ್ತಿತ್ತು. ಅದಕ್ಕೇ ಸುಳ್ಳು ಹೇಳಿದಳೋ, ನನ್ನನ್ನು ಉಳಿಸಲು ಹೇಳಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಲೂರ್ದಮ್ಮ ಟೀಚರಿಗೆ ಮಾತ್ರ ಏನೋ ಅನುಮಾನ. ನನ್ನ ಹತ್ತಿರ ಬಂದು ಬಗ್ಗಿ ಕೇಳಿದರು, "ನೀವಿಬ್ರೂ ಜೋಡಿ ಅಲ್ವೇನೇ. ನಿಂಗೇನಾದ್ರೂ ಗೊತ್ತಾ?"

"ಇಲ್ಲ ಟೀಚರ್." ಪ್ರಸಾದದ ಅಪ್ಪ ಇನ್ನೂ ಅಂಗುಳಕ್ಕೆ ಅಂಟಿಕೊಂಡಿತ್ತು.

ನಮ್ಮ ಮನೆಯಲ್ಲಿ ಅವತ್ತು ಬಿರಿಯಾನಿ, ಕೇಕು, ಫೋಟೋ. ಆ ಫೋಟೋದಲ್ಲಿ ನನ್ನಪ್ಪ ನನ್ನ ಭುಜದ ಮೇಲೆ ಕೈಯಿಟ್ಟು ನಿಂತಿದ್ದಾನೆ. ಆಮೇಲೆ ಕೆಲವು ತಿಂಗಳು ಅಪ್ಪ ಅಮ್ಮನ ಹತ್ತಿರ, "ಯಾಕೋ ಫಾದರ್ ನನ್ ಜೊತೆ ಮೊದಲಿನ ತರ ಮಾತಾಡ್ತಿಲ್ಲ ಕಣೇ, ಏನ್ ತಪ್ ಮಾಡಿದ್ನೋ" ಎನ್ನುತ್ತಿದ್ದ. ಅದು ನಿಜವೋ ಅಪ್ಪನ ಭ್ರಮೆಯೋ ಹೇಳಲಾರೆ. ಅವನು ಸಾಯುವವರೆಗೂ ನಾನು ಬಾಯಿ ಬಿಡಲಿಲ್ಲ.

ಸಗಾಯಿ ಮರುವರ್ಷ ತನಗಿಂತ ಚಿಕ್ಕ ಮಕ್ಕಳ ಜೊತೆ ನಿಂತು ಪ್ರಸಾದ ತೆಗೆದುಕೊಂಡಳು. ನನ್ನ ಜೊತೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು. ಕುಂಟೆಬಿಲ್ಲೆಗೆ ಕರೆಯುತ್ತಿದ್ದಳು, ಮಾವಿನಕಾಯಿ ಕೊಡುತ್ತಿದ್ದಳು, ಆದರೆ ತನ್ನ ಮನೆಯ ಮಾತನ್ನು ಮತ್ತೆಂದೂ ನನ್ನೆದುರು ಎತ್ತಲಿಲ್ಲ. ನಾವು ಸಂಜಯನಗರಕ್ಕೆ ಮನೆ ಬದಲಿಸಿದ ಮೇಲೆ ಅದೂ ನಿಂತುಹೋಯಿತು.

ಹೋದ ವರ್ಷ ತಮ್ಮನ ಮಗಳಿಗೆ ಪರಮಪ್ರಸಾದದ ಫ್ರಾಕು ಹೊಲಿಸಬೇಕಿತ್ತು. ಜಕ್ಕೂರಿನಲ್ಲಿ ಒಬ್ಬರು ಚೆನ್ನಾಗಿ ಹೊಲಿಯುತ್ತಾರೆಂದು ಯಾರೋ ಹೇಳಿದರು. ಹೋದರೆ ಸಗಾಯಿ! ಕನ್ನಡಕ, ಅರ್ಧ ನರೆತ ಕೂದಲು, ಕೊರಳಲ್ಲಿ ಟೇಪು. ನನ್ನನ್ನು ತಕ್ಷಣ ಗುರುತಿಸಿ ಸ್ಟೂಲು ಹಾಕಿದಳು. ಅವಳು ಮಗುವಿನ ಭುಜದ ಅಳತೆ ತೆಗೆಯುವಾಗ ನಾನು ಧೈರ್ಯ ಮಾಡಿದೆ.

"ಸಗಾಯಿ, ಆ ಚೀಟಿ..."

"ಅಯ್ಯೋ, ಬಿಡು. ನೀನಿನ್ನೂ ಅದನ್ನೇ ಇಟ್ಕೊಂಡಿದ್ಯಾ?" ಎಂದು ಮಗುವನ್ನು ಅತ್ತ ಕಳಿಸಿ ಟೇಪು ಸುತ್ತಿಟ್ಟಳು. "ಅಪ್ಪ ಹೋಗಿ ಆರ್ ವರ್ಷ ಆಯ್ತು. ಕಡೇ ಎರಡ್ ವರ್ಷ ಹಾಸಿಗೇಲೇ ಇದ್ದ, ನಾನೇ ನೋಡ್ಕೊಂಡೆ. ಒಂದಿನ ಗಂಜಿ ಕುಡಿಸ್ತಾ ಅವನಿಗೇ ಹೇಳ್ಬಿಟ್ಟೆ. ಅಪ್ಪಾ, ಚಿಕ್ಕೋಳಿದ್ದಾಗ ನೀನು ಸಾಯ್ಲಿ ಅಂತ ಮೇಣದಬತ್ತಿ ಹಚ್ಚಿದ್ದೆ ಅಂತ."

"ಏನಂದ್ರು?"

"ನಕ್ಕ. 'ನಾನೂ ಅದನ್ನೇ ಕೇಳ್ಕೋತಿದ್ದೆ ಮಗಳೇ, ಇಬ್ರದ್ದೂ ಕೇಳ್ಲಿಲ್ಲ ನೋಡು ಆ ಮಾತೆ' ಅಂದ. ಆಮೇಲೆ ಇಬ್ರೂ ಅತ್ವಿ." ಸೆರಗಿನ ತುದಿಯಿಂದ ಕನ್ನಡಕ ಒರೆಸಿಕೊಂಡಳು. "ನಮ್ಮನೆಯವರಿಗೂ ಹೇಳಿಲ್ಲ ಇದನ್ನ."

ಕ್ಷಮಿಸು ಎನ್ನಲು ಹೋದವಳು ನಾನು. ಅವಳು ಅಳುತ್ತಿದ್ದಳು, ನನ್ನ ಕೈ ಅವಳ ಕೈ ಮೇಲಿತ್ತು. ನನ್ನ ಕಣ್ಣೂ ಒದ್ದೆಯಾಗಿತ್ತು, ಅದು ಸುಳ್ಳಲ್ಲ. ಆದರೆ ಒಳಗೆ ಇನ್ನೊಬ್ಬಳು ಆ ಮುದುಕನ ಮಾತನ್ನು ಮರೆತುಹೋಗದಂತೆ ಎರಡೆರಡು ಸಲ ಹೇಳಿಕೊಳ್ಳುತ್ತಿದ್ದಳು. ಎದುರಿಗೆ ಕೂತವರ ಸಂಕಟವನ್ನು ಸಂಕಟವಾಗಿ ಕೇಳಿ ಸುಮ್ಮನೆ ಎದ್ದು ಬರುವುದು ಎಲ್ಲರಿಗೂ ಬರುತ್ತದೆ. ಒಂಬತ್ತನೇ ವಯಸ್ಸಿನ ತನಕ ನನಗೂ ಬರುತ್ತಿತ್ತು ಅಂತ ಕಾಣುತ್ತದೆ. ಪಾಪನಿವೇದನೆಗೆ ಹೋಗುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು, ಮಂಡಿಯೂರಿದ ಕೂಡಲೇ ವಾಕ್ಯ ತಿದ್ದಲು ಶುರು ಮಾಡುತ್ತೇನೆ.

ಕ್ಷಮಿಸು ಎನ್ನುವುದು ಅವತ್ತೂ ಆಗಲಿಲ್ಲ. ಮನೆಗೆ ಬಂದು, ಚಪ್ಪಲಿ ಕೂಡ ಬಿಡದೆ, ಅವಳಪ್ಪನ ಮಾತನ್ನು ಬರೆದಿಟ್ಟುಕೊಂಡೆ. ಅವಳು ಗಂಡನಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಈಗ ನಿಮಗೂ ಓದಲು ಕೊಟ್ಟಿದ್ದೇನೆ.